ಮೇಸ್ತ್ರಿ ಎದೆಯ ಮಿಸ್ಸಿಂಗ್

ಎಂಬತ್ತೆರಡು ಮತ್ತು ನೂರಾ ಹದಿನೆಂಟು. ಈ ಎರಡು ಸಂಖ್ಯೆಗಳನ್ನು ನಾನು ಬರೆದುಕೊಂಡದ್ದು ಚಳ್ಳಕೆರೆಯಲ್ಲಿ, ಮೊಳಕಾಲ್ಮೂರು ರಸ್ತೆಯ ಒಂದು ಗ್ಯಾರೇಜಿನಲ್ಲಿ, ಬೀಡಿ ಕಟ್ಟಿನ ಕಾಗದದ ಹಿಂಬದಿಯಲ್ಲಿ. ಮೊದಲನೆಯದು ಮೆಕ್ಯಾನಿಕ್ ಮೇಸ್ತ್ರಿಯ ಮಣಿಕಟ್ಟು ಹಿಡಿದು ಒಂದು ನಿಮಿಷ ಎಣಿಸಿದ ನಾಡಿ. ಎರಡನೆಯದು ಅವರ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಒಂದು ನಿಮಿಷ ಎಣಿಸಿದ ಬಡಿತ. ಒಬ್ಬನೇ ಮನುಷ್ಯ, ಒಂದೇ ಹೃದಯ, ಎರಡು ಲೆಕ್ಕ. ಮೂರು ಸಲ ಎಣಿಸಿದರೂ ಹಾಗೇ ಬಂತು. ಐದೂವರೆ ವರ್ಷ ಎಂಬಿಬಿಎಸ್ ಓದಿ, ಅದರ ಮೇಲೆ ಎರಡು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ಮಣ್ಣು ಹೊತ್ತಿದ್ದ ನಾನು ಇದರಿಂದ ತೆಗೆದ ತೀರ್ಮಾನ ಒಂದೇ: ನನ್ನ ವಾಚು ಕೆಟ್ಟಿದೆ.

ಅದನ್ನು ಬಿಚ್ಚಿ ಮೇಸ್ತ್ರಿಗೇ ಕೊಟ್ಟೆ. ಅವರು ಬ್ಲೇಡಿನಿಂದ ಹಿಂದಿನ ಮುಚ್ಚಳ ಎಬ್ಬಿಸಿ, ಕಿವಿಗಿಟ್ಟುಕೊಂಡು ಕೇಳಿ, ವಾಪಸ್ ಕೊಟ್ಟರು. ವಾಚ್ ಸರಿಯಾಗೇ ಐತೆ ಅಂದರು. ಹಾಗಾದರೆ ನೀವು ಚಹಾ ಕಡಿಮೆ ಮಾಡಿ ಅಂತ ಸಲಹೆ ಕೊಟ್ಟು ಬಂದೆ.

ಇದು ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಆಗ ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಹೃದಯದ ಆಪರೇಷನ್ ಮಾಡುವ ವಿಭಾಗದಲ್ಲಿ ಕಿರಿಯ ಡಾಕ್ಟರು. ಕಿರಿಯ ಅಂದರೆ, ಥಿಯೇಟರಿನಲ್ಲಿ ನನಗೆ ಸಿಗುತ್ತಿದ್ದ ಅತಿ ದೊಡ್ಡ ಜವಾಬ್ದಾರಿ ಗಾಯದ ಬಾಯಿ ತೆರೆದಿಡುವ ಕೊಕ್ಕೆ ಹಿಡಿದು ಅಲುಗದೆ ನಿಲ್ಲುವುದು. ಅದನ್ನೂ ಅಲುಗಿಸಿ ಬೈಸಿಕೊಳ್ಳುತ್ತಿದ್ದೆ. ಊರಿಗೆ ಬಂದಾಗ ಮಾತ್ರ ಸ್ಟೆತಾಸ್ಕೋಪನ್ನು ಕುತ್ತಿಗೆಗೆ ಹಾಕಿಕೊಂಡು, ಬಸ್ ಸ್ಟ್ಯಾಂಡಿನಿಂದ ಮನೆಗೆ ಇರುವ ನೇರ ದಾರಿ ಬಿಟ್ಟು ಪೇಟೆಯನ್ನೆಲ್ಲಾ ಸುತ್ತಿ ಹೋಗುತ್ತಿದ್ದೆ.

ಆ ಸಲ ಬಂದಾಗ ಅಪ್ಪನ ಹಳೇ ಸ್ಕೂಟರು ನನ್ನಿವಾಳದ ಹೊಲಕ್ಕೆ ಹೋಗುವ ದಾರಿಯಲ್ಲಿ ನಿಂತುಬಿಟ್ಟಿತು. ತಳ್ಳಿಕೊಂಡು ಮೇಸ್ತ್ರಿ ಹತ್ತಿರ ತಂದೆ. ನಲವತ್ತರ ಆಸುಪಾಸಿನ ಸಣಕಲು ಮನುಷ್ಯ. ಮನೆಯಲ್ಲಿ ಉರ್ದು, ಗ್ಯಾರೇಜಿನಲ್ಲಿ ಕನ್ನಡ, ಆಂಧ್ರದ ಲಾರಿ ಬಂದರೆ ತೆಲುಗು. ಅವರ ರಿಪೇರಿ ಶುರುವಾಗುತ್ತಿದ್ದದ್ದು ಕಿವಿಯಿಂದ. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚಿಬಿಡುವರು. ಎಣ್ಣೆ ಮಿಲ್ಲಿನ ಸಾಹುಕಾರರೂ ಆಗ ಮಾತು ನಿಲ್ಲಿಸಿ ಕಾಯಬೇಕು. ಕಣ್ಣು ತೆರೆದು ಎಲ್ಲಿ ಮಿಸ್ಸಿಂಗ್ ಹೊಡೀತಿದೆ, ಅಂದರೆ ಇಂಜಿನ್ನಿನ ಬಡಿತ ಎಲ್ಲಿ ತಪ್ಪುತ್ತಿದೆ, ಯಾವ ವಾಲ್ವು ಕೂರುತ್ತಿಲ್ಲ ಅಂತ ಹೇಳಿದರೆ, ಬಿಚ್ಚಿದಾಗ ಅದೇ ಇರುತ್ತಿತ್ತು.

ಅವತ್ತು ಅವರು ನಮ್ಮ ಸ್ಕೂಟರಿಗೆ ಎರಡು ಕಿಕ್ ಹೊಡೆದು, ಮೂರನೆಯದಕ್ಕೆ ಕಾಲೆತ್ತಲಾಗದೆ ಹಳೇ ಟೈರಿನ ಮೇಲೆ ಕೂತು ಏದುಸಿರು ಬಿಟ್ಟರು. ನನ್ನ ಸ್ಟೆತಾಸ್ಕೋಪಿಗೆ ಕೆಲಸ ಸಿಕ್ಕಿತಲ್ಲ ಅಂತ ನಾನು ಮುಂದೆ ಬಿದ್ದೆ. ಆಮೇಲಿನದು ಮೇಲೆ ಹೇಳಿದ್ದೇ: ಎರಡು ಲೆಕ್ಕ, ಒಂದು ವಾಚು, ಚಹಾ.

ಮರುದಿನ ಬೆಂಗಳೂರು ಬಸ್ಸಿನಲ್ಲಿ ಹಿರಿಯೂರು ದಾಟುವಾಗ, ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತಿದ್ದವನಿಗೆ, ಕಾಲೇಜಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಸಾಲು ಕಣ್ಣೆದುರು ಬಂತು. ಹೃದಯದ ಮೇಲಿನ ಕೋಣೆಗಳು ಒಂದೇ ಸಮ ಬಡಿಯುವುದನ್ನು ಬಿಟ್ಟು ಬರೀ ನಡುಗುತ್ತಿದ್ದರೆ, ಕೆಳಗಿನ ಕೋಣೆಗಳು ಮನಸ್ಸಿಗೆ ಬಂದಂತೆ ಬಡಿಯುತ್ತವೆ. ಒಂದು ಬೇಗ, ಒಂದು ತಡ. ಬೇಗ ಬಿದ್ದ ಬಡಿತದಲ್ಲಿ ರಕ್ತವೇ ತುಂಬಿರುವುದಿಲ್ಲ, ಅದು ಮಣಿಕಟ್ಟಿನ ತನಕ ಬಂದು ಮುಟ್ಟುವುದಿಲ್ಲ. ಆದ್ದರಿಂದ ಎದೆಯಲ್ಲಿ ಹೆಚ್ಚು, ಕೈಯಲ್ಲಿ ಕಡಿಮೆ. ಪರೀಕ್ಷೆಯಲ್ಲಿ ನಾನೇ ಇದಕ್ಕೆ ಹತ್ತಕ್ಕೆ ಎಂಟು ಅಂಕ ತೆಗೆದಿದ್ದೆ.

ಎದ್ದು ನಿಂತು ನಿಲ್ಲಿಸಿ ನಿಲ್ಲಿಸಿ ಅಂತ ಕೂಗಿದೆ. ಕಂಡಕ್ಟರು ನನ್ನ ಮುಖ ನೋಡಿ ಹೊಟ್ಟೆ ಕೆಟ್ಟಿದೆ ಅಂದುಕೊಂಡು, ಒಂದು ಜಾಲಿ ಪೊದೆಯ ಪಕ್ಕದಲ್ಲೇ ನಿಲ್ಲಿಸಿ, ಬೇಗ ಮುಗಿಸ್ಕೊಂಡ್ ಬರ್ರಿ ಅಂದ. ಚೀಲ ಸಮೇತ ಇಳಿದು ಎದುರು ದಿಕ್ಕಿನ ಲಾರಿ ಹತ್ತಿದ ನನ್ನನ್ನು ಅವನು ಬಹಳ ಕನಿಕರದಿಂದ ನೋಡಿದ.

ಗ್ಯಾರೇಜಿಗೆ ಹೋಗಿ, ಹಿಂದೆ ಯಾವಾಗಲಾದರೂ ಕೈಕಾಲು ಸೋತದ್ದು, ಮಾತು ತೊದಲಿದ್ದು ಉಂಟಾ ಅಂತ ಕೇಳಿದೆ. ಮೇಸ್ತ್ರಿ ಆ ಕಡೆ ಈ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು.

"ರಂಜಾನ್ ಮುಂಚೆ ಒಂದ್ ದಿನ ಬಲಗೈ ಹೋಗ್‌ಬಿಟ್ಟಿತ್ತು ಡಾಕ್ಟ್ರೇ. ಸ್ಪ್ಯಾನರ್ ಕೈಯಾಗೇ ಐತೆ, ಹಿಡಿಯಾಕೆ ಆಗ್ವಲ್ದು. ಒಂದ್ ಗಂಟೆ. ಆಮೇಲೆ ತಾನೇ ಬಂತು. ಮನೇಲಿ ಹೇಳಿಲ್ಲ."

ಇಂಜಿನ್ನಿನ ಭಾಷೆಯಲ್ಲಿ ಲೋಕವನ್ನೇ ಬಿಡಿಸಿಡುತ್ತಿದ್ದ ಮನುಷ್ಯ ಅವತ್ತು ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಬೇರೆ ಯಾರದೋ ಎಂಬಂತೆ ನೋಡುತ್ತಿದ್ದರು. ನಡುಗುವ ಕೋಣೆಯಲ್ಲಿ ರಕ್ತ ನಿಂತು ಗರಣೆ ಕಟ್ಟುತ್ತದೆ. ಅದರ ಚೂರೊಂದು ಮಿದುಳಿಗೆ ಹೋಗಿ ಬಂದಿತ್ತು. ಮುಂದಿನ ಚೂರು ಒಂದು ಗಂಟೆಗೇ ಬಿಟ್ಟು ಹೋಗುತ್ತದೆ ಅನ್ನುವ ಭರವಸೆ ಇರಲಿಲ್ಲ. ಅವರ ಬದುಕೆಲ್ಲಾ ಆ ಕೈಯಲ್ಲಿತ್ತು.

ಚಳ್ಳಕೆರೆಯಲ್ಲೇ ಇಸಿಜಿ ತೆಗೆಸಿದೆವು. ಉದ್ದನೆಯ ಗೆರೆಗಳ ನಡುವೆ ಎಲ್ಲೂ ಸಮ ಅಂತರವಿಲ್ಲ. ಪ್ರತಿ ಉದ್ದ ಗೆರೆಯ ಮುಂದೆ ಇರಬೇಕಾದ ಸಣ್ಣ ದಿಬ್ಬ, ಅಂದರೆ ಮೇಲಿನ ಕೋಣೆ ಬಡಿದ ಗುರುತು, ಇಲ್ಲವೇ ಇಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋದೆ. ಸ್ಕ್ಯಾನಿನಲ್ಲಿ ಕಾರಣ ಸಿಕ್ಕಿತು: ಚಿಕ್ಕಂದಿನಲ್ಲಿ ಕೀಲುನೋವಿನ ಜೊತೆ ಬಂದ ಜ್ವರ ಎಡಭಾಗದ ವಾಲ್ವನ್ನು ಅಂಟಿಸಿ ಹಾಕಿತ್ತು. ಅದು ಸರಿಯಾಗಿ ತೆರೆಯುತ್ತಿರಲಿಲ್ಲ, ಸರಿಯಾಗಿ ಮುಚ್ಚುತ್ತಲೂ ಇರಲಿಲ್ಲ. ಹಿಂದಿನ ಕೋಣೆ ಒತ್ತಡ ತಡೆಯದೆ ಹಿಗ್ಗಿ, ಹಿಗ್ಗಿ, ಕೊನೆಗೆ ನಡುಗಲು ಶುರುಮಾಡಿತ್ತು.

ನಮ್ಮ ದೊಡ್ಡ ಡಾಕ್ಟ್ರು, ಅಂದರೆ ವಿಭಾಗದ ಮುಖ್ಯಸ್ಥರು, ಎರಡು ದಾರಿ ಹೇಳಿದರು. ವಾಲ್ವು ತೆಗೆದು ಲೋಹದ್ದು ಹಾಕುವುದು ಒಂದು. ಬೇಗ ಮುಗಿಯುತ್ತದೆ, ಗಟ್ಟಿ ಬಾಳುತ್ತದೆ. ಆದರೆ ರಕ್ತ ತೆಳುಮಾಡುವ ಗುಳಿಗೆ ಸಾಯುವ ತನಕ ನುಂಗಬೇಕು, ತಿಂಗಳು ತಿಂಗಳು ರಕ್ತ ಪರೀಕ್ಷೆ ಮಾಡಿಸಬೇಕು, ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಎರಡನೆಯದು ಅವರ ಸ್ವಂತ ವಾಲ್ವನ್ನೇ ಬಿಡಿಸಿ ರಿಪೇರಿ ಮಾಡುವುದು. ಅದು ಕೈಗೂಡಿದರೂ ಬಡಿತ ಹೀಗೇ ಅಡ್ಡಾದಿಡ್ಡಿ ಇದ್ದರೆ ಆ ಗುಳಿಗೆ ತಪ್ಪಿದ್ದಲ್ಲ. ಹಾಗಾಗಿ ಅದೇ ಆಪರೇಷನ್ನಿನಲ್ಲಿ ಬಡಿತಕ್ಕೂ ಚಿಕಿತ್ಸೆ ಮಾಡಬೇಕು. ಹಿಗ್ಗಿದ ಕೋಣೆಯ ಗೋಡೆಯಲ್ಲಿ ಕೆಲವು ಗೆರೆಗಳುದ್ದಕ್ಕೂ ಮಾಂಸವನ್ನು ಹೆಪ್ಪುಗಟ್ಟಿಸಿದರೆ ಅಲ್ಲಿ ಕಲೆಯಾಗುತ್ತದೆ. ಕಲೆ ದಾಟಿ ವಿದ್ಯುತ್ತು ಹರಿಯುವುದಿಲ್ಲ. ಸಿಕ್ಕ ಸಿಕ್ಕ ಕಡೆ ಸುತ್ತುತ್ತಿದ್ದ ವಿದ್ಯುತ್ತಿಗೆ ಒಂದೇ ದಾರಿ ಉಳಿಯುತ್ತದೆ.

ಇದಕ್ಕೆ ಬೇಕಾದ ತಣ್ಣನೆ ಸಲಾಕೆ ನಮ್ಮ ವಿಭಾಗದಲ್ಲಿ ಇರಲಿಲ್ಲ. ಹೆರಿಗೆ ವಿಭಾಗದಲ್ಲಿತ್ತು. ಹೆಂಗಸರ ಗರ್ಭಕೋಶದ ಬಾಯಿಯ ಹುಣ್ಣನ್ನು ಹೆಪ್ಪುಗಟ್ಟಿಸಿ ಗುಣಪಡಿಸಲು ಅದನ್ನು ಬಳಸುತ್ತಿದ್ದರು. ದೊಡ್ಡ ಡಾಕ್ಟ್ರು ಅದನ್ನೇ ಎರವಲು ತಂದು ಕೆಲವರಿಗೆ ಮಾಡಿದ್ದರು. ಈ ಸಲ ತರುವ ಕೆಲಸ ನನ್ನ ಪಾಲಿಗೆ ಬಂತು. ಹೆರಿಗೆ ವಿಭಾಗದ ಹಿರಿಯ ಸಿಸ್ಟರು, ಗಂಡಸರಿಗೆ ಇದು ಯಾಕೆ ಬೇಕು ಅಂತ ಕೇಳಿದಾಗ ನಾನು ಹೃದಯಕ್ಕೆ ಅಂದೆ. ಅವರು ಸಹಿ ಮಾಡುವ ಮುಂಚೆ ನನ್ನ ಬಾಯಿ ವಾಸನೆ ನೋಡಿದರು.

ಆಪರೇಷನ್ನಿನ ಹಿಂದಿನ ಮಧ್ಯಾಹ್ನ ವಾರ್ಡಿನ ಡ್ರೆಸ್ಸಿಂಗ್ ಕೋಣೆಯಲ್ಲಿ ಯಂತ್ರಕ್ಕೆ ಗ್ಯಾಸ್ ಸಿಲಿಂಡರ್ ಜೋಡಿಸಿ ಪರೀಕ್ಷೆಗೆ ಕೂತೆ. ಕೀಲಿ ತಿರುಗಿಸಿದ್ದೇ ತಡ, ಜೋಡಣೆಯಿಂದ ಹಾವು ಬುಸುಗುಟ್ಟಿದಂತೆ ಸದ್ದು. ಸಲಾಕೆಯ ತುದಿ ತಣ್ಣಗಾಗುವ ಬದಲು ನನ್ನ ಮೊಣಕೈ ತಣ್ಣಗಾಯಿತು. ಬಿಗಿ ಮಾಡಿದೆ. ಇನ್ನೂ ಜೋರಾಯಿತು. ತಿರುಗಿಸಬೇಕಾದ ದಿಕ್ಕು ಇನ್ನೊಂದು ಅಂತ ಆಮೇಲೆ ಗೊತ್ತಾಯಿತು. ಆ ಯಂತ್ರ ನೋಡಿಕೊಳ್ಳುವ ಹೆರಿಗೆ ವಿಭಾಗದ ತಂತ್ರಜ್ಞರು ರಜೆಯಲ್ಲಿದ್ದರು.

ಬಾಗಿಲಲ್ಲಿ ಆಸ್ಪತ್ರೆಯ ಹಸಿರು ಅಂಗಿ ಹಾಕಿಕೊಂಡ ಮೇಸ್ತ್ರಿ ನಿಂತಿದ್ದರು. ಬಹಳ ಹೊತ್ತಿನಿಂದ ನೋಡುತ್ತಿದ್ದರಂತೆ.

"ನಾಳೆ ನನ್ನ ಎದೆಗೆ ಹಾಕೋ ಮೆಷಿನ್ ಇದೇನಾ?"

ಹೌದು ಅಂದೆ.

"ಹಂಗಾದ್ರೆ ನೀವು ಸ್ವಲ್ಪ ಆ ಕಡೆ ಕುತ್ಕೊಳ್ರಿ."

ಕುರ್ಚಿ ಎಳೆದುಕೊಂಡು ಕೂತು, ಉಸಿರು ತಿರುಗಿಸಿಕೊಂಡು, ಜೋಡಣೆ ಬಿಚ್ಚಿಸಿ ನೋಡಿದರು. ಒಳಗಿನ ವಾಷರ್ ಸವೆದು ಒಂದು ಕಡೆ ಹರಿದಿತ್ತು. ಅಂಥದೇ ಫೈಬರ್ ವಾಷರ್ ತರಲು ಹೇಳಿದರು. ಅಳತೆಗೆ ಹಳೆಯದನ್ನು ಒಯ್ಯಿರಿ ಅಂದರು. ಬೇಡ, ನನಗೆ ಅಂದಾಜು ಇದೆ ಅಂತ ಕೈ ಬೀಸಿಕೊಂಡು ಹೋದೆ. ಎದುರಿನ ಬೀದಿಯ ಅಂಗಡಿಗಳನ್ನೆಲ್ಲಾ ಅಲೆದು ಏಳು ವಾಷರ್ ತಂದೆ. ಅದರಲ್ಲಿ ಒಂದು ಬಚ್ಚಲ ನಲ್ಲಿಯದು, ಒಂದು ಕುಕ್ಕರಿನದು, ಉಳಿದವು ಯಾವುದರದು ಅಂತ ಅಂಗಡಿಯವರಿಗೂ ಗೊತ್ತಿರಲಿಲ್ಲ. ಮೇಸ್ತ್ರಿ ಏಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಒಮ್ಮೆ ನನ್ನ ಮುಖ ನೋಡಿದರು. ಬೈಯಲಿಲ್ಲ. ನಾಳೆ ಥಿಯೇಟರಿನಲ್ಲಿ ನಾನೂ ಇರುತ್ತೇನೆ ಅನ್ನುವ ಎಚ್ಚರ ಇತ್ತು ಅಂತ ಕಾಣುತ್ತದೆ.

ಕೊನೆಗೆ ದೊಡ್ಡದೊಂದನ್ನು ಆರಿಸಿ, ಕಿಟಕಿಯ ಕಲ್ಲಿನ ಮೇಲೆ ಉಜ್ಜಿ ಉಜ್ಜಿ ಅಳತೆಗೆ ತಂದರು. ಆಗ ನಾನು ಅವರ ಕೈಗಳನ್ನು ಹತ್ತಿರದಿಂದ ನೋಡಿದೆ. ಬೆರಳುಗಳ ತುಂಬ ಹಳೇ ಗಾಯದ ಗೆರೆಗಳು. ವಾಷರಿಗೆ ಗ್ರೀಸ್ ಬೇಕು ಅಂದಾಗ ಮಾತ್ರ ನಾನು ಬೇಡ ಅಂದೆ. ಈ ಗ್ಯಾಸಿಗೆ ಎಣ್ಣೆ ಜಿಡ್ಡು ಸೋಕಿದರೆ ಹೊತ್ತಿಕೊಳ್ಳಬಹುದು. ಆ ಇಡೀ ಮಧ್ಯಾಹ್ನದಲ್ಲಿ ನಾನು ಆಡಿದ ಒಂದೇ ಬುದ್ಧಿಯ ಮಾತು ಅದು. ಮೇಸ್ತ್ರಿ ಮೆಚ್ಚಿ ತಲೆಯಾಡಿಸಿ, ಕೈಯನ್ನು ಸೋಪಿನಿಂದ ಎರಡು ಸಲ ತೊಳೆದು ಜೋಡಿಸಿದರು. ಆಮೇಲೆ ಪಂಕ್ಚರ್ ನೋಡುವಂತೆ ಸೋಪಿನ ನೊರೆ ಹಚ್ಚಿ ಗ್ಯಾಸ್ ಬಿಟ್ಟೆವು. ಒಂದು ಗುಳ್ಳೆಯೂ ಏಳಲಿಲ್ಲ. ಸಲಾಕೆಯ ತುದಿ ಬೆಳ್ಳಗೆ ಹಿಮ ಹಿಡಿಯಿತು. ಸಲಾಕೆಯನ್ನು ಶುದ್ಧಿ ಮಾಡಲು ಕಳಿಸಿ, ದೊಡ್ಡ ಡಾಕ್ಟ್ರಿಗೆ ನಡೆದದ್ದನ್ನು ಹೇಳಿದೆ. ಅವರು ಸಂಜೆ ತಾವೇ ಥಿಯೇಟರಿನ ತಂತ್ರಜ್ಞರನ್ನು ಕರೆಸಿ ಜೋಡಣೆಯನ್ನು ಮತ್ತೆ ಪರೀಕ್ಷೆ ಮಾಡಿಸಿದರು. ಸರಿ ಇದೆ ಅಂತಾಯಿತು. ಆಮೇಲೆ ನನ್ನನ್ನು ಒಬ್ಬನನ್ನೇ ನಿಲ್ಲಿಸಿ ಎರಡು ನಿಮಿಷ ಬೈದರು.

ಬೆಳಿಗ್ಗೆ ಎದೆಮೂಳೆ ಸೀಳಿ, ರಕ್ತವನ್ನು ಹೃದಯ-ಶ್ವಾಸಕೋಶದ ಕೆಲಸ ಮಾಡುವ ಯಂತ್ರಕ್ಕೆ ತಿರುಗಿಸಿದರು. ಮಹಾಪಧಮನಿಗೆ ಅಡ್ಡ ಚಿಮುಟ ಹಾಕಿ, ತಣ್ಣನೆಯ ಪೊಟ್ಯಾಸಿಯಂ ದ್ರಾವಣ ಬಿಟ್ಟಾಗ ಹೃದಯ ನಿಧಾನವಾಗಿ, ನಿಧಾನವಾಗಿ ನಿಂತಿತು. ಇಲ್ಲಿಂದ ಗಡಿಯಾರ ಶುರು. ಚಿಮುಟ ಹಾಕಿದಷ್ಟು ಹೊತ್ತೂ ಹೃದಯಕ್ಕೆ ಅದರ ಸ್ವಂತ ರಕ್ತವಿಲ್ಲ. ನಿಮಿಷ ಜಾಸ್ತಿಯಾದಷ್ಟೂ ಮತ್ತೆ ಏಳುವುದು ಕಷ್ಟ.

ಎಡ ಮೇಲ್ಕೋಣೆಯನ್ನು ತೆರೆದರು. ಅದರ ಮೂಲೆಯ ಚೀಲದಲ್ಲಿ ಕಂದು ಬಣ್ಣದ ಹಳೇ ಗರಣೆ, ಬೆಲ್ಲದ ಚೂರಿನ ಹಾಗೆ. ಮೇಸ್ತ್ರಿಯ ಬಲಗೈಯನ್ನು ಒಂದು ಗಂಟೆ ಕಿತ್ತುಕೊಂಡದ್ದು ಇದರದೇ ತುಣುಕು. ಅದನ್ನು ತೆಗೆದು, ಚೀಲದ ಬಾಯಿ ಹೊಲಿದರು. ಆಮೇಲೆ ವಾಲ್ವು ನೋಡಿದರು. ಸ್ಕ್ಯಾನಿನಲ್ಲಿ ಕಂಡದ್ದಕ್ಕಿಂತ ಗಟ್ಟಿಯಾಗಿ ಅಂಟಿತ್ತು. ದೊಡ್ಡ ಡಾಕ್ಟ್ರು ಕೈ ನಿಲ್ಲಿಸಿದರು. ರಿಪೇರಿಗೆ ಬಹಳ ಹೊತ್ತು ಹಿಡಿಯುತ್ತದೆ. ಅದರ ಮೇಲೆ ಹೆಪ್ಪುಗಟ್ಟಿಸುವ ಕೆಲಸ. ಲೋಹದ ವಾಲ್ವು ಪಕ್ಕದ ಮೇಜಿನ ಮೇಲೆ ಡಬ್ಬಿಯಲ್ಲಿ ತಯಾರಿತ್ತು. ಅದನ್ನು ಹೊಲಿದು ಬಡಿತದ ಗೊಡವೆಯನ್ನೇ ಬಿಟ್ಟು ಹೊರಬರಬಹುದಿತ್ತು. ಯಾರೂ ತಪ್ಪು ಅನ್ನುತ್ತಿರಲಿಲ್ಲ.

ಅವರು ನನ್ನ ಕಡೆ ತಿರುಗದೆ ಕೇಳಿದರು. "ಇವರ ಊರಿಂದ ಈ ರಕ್ತ ಪರೀಕ್ಷೆಗೆ ಎಲ್ಲಿಗೆ ಹೋಗ್ಬೇಕು?"

ಥಿಯೇಟರಿನಲ್ಲಿ ಮೊದಲ ಬಾರಿಗೆ ಅವರು ನನಗೊಂದು ಪ್ರಶ್ನೆ ಕೇಳಿದ್ದರು. ದಾವಣಗೆರೆಗೆ ಹೋಗಬೇಕು ಸಾರ್ ಅಂದೆ. ಅಷ್ಟಕ್ಕೆ ನಿಲ್ಲಿಸದೆ, ಕೊಕ್ಕೆ ಅಲುಗಿಸಿಕೊಂಡೇ ಹೇಳಿಬಿಟ್ಟೆ. "ಸಾರ್, ಅವರ ಕೈ ಒಂದ್ಸಲ ನೋಡಿ."

ಅರಿವಳಿಕೆ ಕೊಡುವ ಮೇಡಂ ತಲೆಯ ಕಡೆಯಿಂದ ಬಟ್ಟೆ ಎತ್ತಿ ಬಗ್ಗಿ ನೋಡಿದರು. ಹೆಬ್ಬೆರಳಲ್ಲಿ ಹೊಸ ಗಾಯ ಇದೆ, ನಿನ್ನೆಯದಿರಬೇಕು ಅಂದರು. ಕಿಟಕಿಯ ಕಲ್ಲಿನಲ್ಲಿ ವಾಷರ್ ಉಜ್ಜುವಾಗ ತರಚಿಕೊಂಡದ್ದು. ದಿನಾ ಗಾಯ ಮಾಡಿಕೊಳ್ಳುವ ಮನುಷ್ಯನಿಗೆ ರಕ್ತ ನಿಲ್ಲದ ಗುಳಿಗೆ ಕೊಟ್ಟರೆ ಕೈ ಉಳಿಸಿದ ಹಾಗೂ ಆಯಿತು, ಕೆಲಸ ಕಿತ್ತುಕೊಂಡ ಹಾಗೂ ಆಯಿತು.

ದೊಡ್ಡ ಡಾಕ್ಟ್ರು ಲೋಹದ ವಾಲ್ವಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಲು ಹೇಳಿದರು. "ರಿಪೇರಿ ಮಾಡೋಣ," ಅಂದರು. "ಮೊದಲು ಆ ಸಲಾಕೆ ಕೊಡಿ."

ಒಂದೊಂದು ಗೆರೆಗೆ ಎರಡು ನಿಮಿಷ. ಶ್ವಾಸಕೋಶದ ರಕ್ತನಾಳಗಳು ಬಂದು ಸೇರುವ ಜಾಗದ ಸುತ್ತ, ಅಲ್ಲಿಂದ ವಾಲ್ವಿನ ಅಂಚಿನ ತನಕ. ಸಲಾಕೆ ಮುಟ್ಟಿದ ಕಡೆ ಮಾಂಸ ಬೆಳ್ಳಗೆ ಗಡುಸಾಗುತ್ತಿತ್ತು. ಸೆಕೆಂಡು ಎಣಿಸುವ ಕೆಲಸ ನನ್ನದು. ನೂರಾ ಇಪ್ಪತ್ತು ಅಂತ ನಾನು ಗಟ್ಟಿಯಾಗಿ ಹೇಳಿದಾಗ ಗೋಡೆ ಗಡಿಯಾರ ತೋರಿಸಿದ್ದು ಎಪ್ಪತ್ತೆರಡು ಸೆಕೆಂಡು. ಯಂತ್ರದ ಹತ್ತಿರ ಕೂತ ತಂತ್ರಜ್ಞರು, ಡಾಕ್ಟರ್, ನೀವು ಓಡ್ತಾ ಇದೀರಿ ಅಂದರು. ನನಗೂ ನಿಮಿಷಕ್ಕೂ ಹಳೇ ಜಗಳ. ಉಳಿದ ಗೆರೆಗಳಿಗೆ ಅವರೇ ಗಡಿಯಾರ ನೋಡಿ ಹೇಳಿದರು. ವಾಷರ್ ಮಾತ್ರ ಒಮ್ಮೆಯೂ ಸದ್ದು ಮಾಡಲಿಲ್ಲ.

ಆಮೇಲೆ ಅಂಟಿದ್ದ ವಾಲ್ವಿನ ಎಸಳುಗಳನ್ನು ಅಂಚಿನುದ್ದಕ್ಕೂ ಬಿಡಿಸಿ, ಕೆಳಗಿನ ತಂತುಗಳನ್ನು ಸೀಳಿ, ಸುತ್ತ ಒಂದು ಬಳೆಯಂಥ ರಿಂಗ್ ಹೊಲಿದರು. ನೀರು ತುಂಬಿಸಿ ನೋಡಿದಾಗ ಸೋರಲಿಲ್ಲ. ಕೋಣೆ ಮುಚ್ಚಿ ಚಿಮುಟ ತೆಗೆದರು.

ಹೃದಯ ಮೊದಲು ಎರೆಹುಳುಗಳ ಚೀಲದಂತೆ ಮಿಸುಕಾಡಿತು. ಎರಡು ಚಮಚದಂಥ ಫಲಕಗಳ ನಡುವೆ ಹಿಡಿದು ಒಂದು ಸಣ್ಣ ಶಾಕ್ ಕೊಟ್ಟರು. ನಿಂತಿತು. ಪೂರ್ತಿ ನಿಂತಿತು. ನಾನು ಗಡಿಯಾರ ನೋಡಲಿಲ್ಲ. ಆ ಹೊತ್ತನ್ನು ಎಣಿಸುವ ಧೈರ್ಯ ನನಗಿರಲಿಲ್ಲ. ಒಂದು ಬಡಿತ ಬಂತು. ಬಹಳ ಹೊತ್ತಾದ ಮೇಲೆ ಇನ್ನೊಂದು. ಹೃದಯದ ಮೇಲೆ ತಂತಿ ಹೊಲಿದು ಹೊರಗಿನ ಪೆಟ್ಟಿಗೆಯಿಂದ ಬಡಿಸಿದರು. ಕಾಲು ಗಂಟೆ ಕಳೆದ ಮೇಲೆ ಪೆಟ್ಟಿಗೆಯ ವೇಗ ತಗ್ಗಿಸಿ ನೋಡಿದರೆ ಹೃದಯ ತಾನೇ ಬಡಿಯುತ್ತಿತ್ತು. ಅರಿವಳಿಕೆಯ ಮೇಡಂ ಪರದೆಯ ಮೇಲೆ ಬೆರಳಿಟ್ಟರು. ಪ್ರತಿ ಉದ್ದ ಗೆರೆಯ ಮುಂದೆ, ಇದೆಯೋ ಇಲ್ಲವೋ ಎಂಬಂತೆ, ಒಂದು ಸಣ್ಣ ದಿಬ್ಬ.

ಆಮೇಲಿನ ಅಪರಾಧ ಪೂರ್ತಿ ನನ್ನದು.

ಮನೆಗೆ ಕಳಿಸುವ ದಿನ ಮೇಸ್ತ್ರಿಗೆ ವಿವರಿಸುವ ಕೆಲಸವನ್ನು ನಾನೇ ಕೇಳಿ ಪಡೆದಿದ್ದೆ. ಅವರ ಭಾಷೆಯಲ್ಲಿ ಹೇಳುವೆನೆಂಬ ಜಂಬ. ವಾಲ್ವು ಬಿಡಿಸಿದ್ದೇವೆ, ಟೈಮಿಂಗ್ ಸೆಟ್ ಮಾಡಿದ್ದೇವೆ, ಗಾಡಿ ಹೊಸದರ ಹಾಗೆ ಅಂದೆ. ಎರಡು ಬಗೆಯ ಗುಳಿಗೆ ಕೊಟ್ಟೆ. ಮೂರು ತಿಂಗಳಿಗೆ ರಕ್ತ ತೆಳುಮಾಡುವುದೊಂದು, ಅದು ಆಯಿಲ್ ಇದ್ದ ಹಾಗೆ ಅಂದೆ. ಬಡಿತದ ಲಯ ಕಾಪಾಡುವುದು ಇನ್ನೊಂದು, ಅದು ಟೈಮಿಂಗಿಗೆ ಅಂದೆ. ಅವರು ಬಹಳ ಚೆನ್ನಾಗಿ ಅರ್ಥ ಮಾಡಿಕೊಂಡರು. ಅನರ್ಥ ಅಲ್ಲೇ ಆಯಿತು.

ಆರೇಳು ವಾರ ಕಳೆದ ಮೇಲೆ ವಾರ್ಡಿಗೆ ಫೋನ್ ಬಂತು. ಮೇಸ್ತ್ರಿ ಮೊಳಕಾಲ್ಮೂರಿನ ಹೆಂಡತಿಯ ತವರಿನಲ್ಲಿ ಸುಧಾರಿಸಿಕೊಳ್ಳುತ್ತಿದ್ದರು. ಎಸ್‌ಟಿಡಿ ಬೂತಿನಿಂದ ಮಾತಾಡಿದರು. ಎದೆಯಲ್ಲಿ ಮತ್ತೆ ಮಿಸ್ಸಿಂಗ್ ಹೊಡೀತಿದೆ ಅಂದರು. ನಾನು ಗ್ಯಾಸ್ ಇರಬೇಕು, ಒಂದು ಸೋಡಾ ಕುಡೀರಿ ಅಂದೆ.

"ಡಾಕ್ಟ್ರೇ, ನಾನು ಸ್ಕ್ರೂಡ್ರೈವರ್ ಇಟ್ಟು ಕೇಳೀನಿ," ಅಂದರು.

ಆ ಮಾತಿಗೆ ಎದುರಾಡುವ ತಾಕತ್ತು ಎಣ್ಣೆ ಮಿಲ್ಲಿನ ಸಾಹುಕಾರರಿಗೇ ಇರಲಿಲ್ಲ, ನನಗೆಲ್ಲಿಂದ ಬರಬೇಕು? ರಜೆ ಬೇಡಿ ಚಳ್ಳಕೆರೆಗೆ ಬಂದು, ಮನೆಗೂ ಹೋಗದೆ ದೇವಸಮುದ್ರದ ಕಡೆ ಹೋಗುವ ಬಸ್ಸು ಹತ್ತಿ ಮೊಳಕಾಲ್ಮೂರಿನಲ್ಲಿ ಇಳಿದೆ. ಬಸ್ಸಿನ ಇಂಜಿನ್ನೂ ದಾರಿಯುದ್ದಕ್ಕೂ ಮಿಸ್ಸಿಂಗ್ ಹೊಡೆಯುತ್ತಿತ್ತು. ಅದು ನನಗೂ ಕೇಳಿಸುತ್ತಿದೆಯಲ್ಲ ಅಂತ ಅಂಥ ಆತಂಕದಲ್ಲೂ ಸ್ವಲ್ಪ ಹೆಮ್ಮೆಯಾಯಿತು.

ಅವರ ಮಾವನ ಮನೆಯ ಗೋಡೆಗೆ ಅಂಟಿಕೊಂಡು ರೇಷ್ಮೆ ಸೀರೆ ನೇಯುವವರ ಮನೆ. ದಿನವಿಡೀ ಮಗ್ಗದ ಖಟ್ ಖಟ್. ಮೇಸ್ತ್ರಿ ಮಲಗಿದ್ದಲ್ಲಿ ಬೇರೆ ಕೆಲಸವಿಲ್ಲದೆ ಆ ಸದ್ದನ್ನೂ, ಸ್ಕ್ರೂಡ್ರೈವರಿನಿಂದ ತಮ್ಮ ಎದೆಯ ಸದ್ದನ್ನೂ ಹೋಲಿಸಿ ಕೇಳುತ್ತಿದ್ದರಂತೆ. ಮಗ್ಗ ಒಂದೇ ಸಮ ಹೋಗುತ್ತಿತ್ತು, ಎದೆ ಫೋನ್ ಮಾಡಿದ ದಿನ ದಾರಿ ಬಿಟ್ಟಿತ್ತು. ನಾನು ಕೇಳುವಾಗ ಸ್ವಲ್ಪ ನಿಲ್ಲಿಸಲು ಗೋಡೆಯಾಚೆ ಹೇಳಿಸಿದೆವು. ಒಂದು ನಿಮಿಷ ಕಳೆಯುವಷ್ಟರಲ್ಲಿ ನೇಕಾರರು ಆ ಕಡೆಯಿಂದ ತೆಲುಗಿನಲ್ಲಿ, "ಅಯಿಪೋಯಿಂದಾ?" ಅಂತ ಕೇಳಿದರು. ಇನ್ನೂ ಮುಗಿದಿಲ್ಲ, ಇನ್ನೊಂದು ನಿಮಿಷ ಬೇಕು ಅಂದೆ.

ಮಣಿಕಟ್ಟಿನಲ್ಲಿ ಎಂಬತ್ತು. ಎದೆಯಲ್ಲಿ ನೂರಾ ಹತ್ತು. ಈ ಸಲ ವಾಚನ್ನು ಬೈಯಲಿಲ್ಲ.

ಗುಳಿಗೆ ತೋರಿಸಿ ಅಂದೆ. ಅವರ ಹೆಂಡತಿ ಡಬ್ಬಿ ತಂದರು. ರಕ್ತದ ಗುಳಿಗೆ ದಿನಕ್ಕೊಂದರಂತೆ ಖಾಲಿಯಾಗಿತ್ತು. ಲಯದ ಗುಳಿಗೆ ಮಾತ್ರ ಹಾಳೆ ಹಾಳೆಯಾಗಿ ಹಾಗೇ ಕೂತಿತ್ತು.

"ನಾನು ದಿನಾ ಹೇಳ್ತೀನಿ ಭಯ್ಯಾ," ಅಂದರು ಆಕೆ. "ಡಾಕ್ಟರ್ ಸಾಬ್‌ಗಿಂತ ನನಗೆ ಗೊತ್ತು ಅಂತಾರೆ."

ಮೇಸ್ತ್ರಿ ತಲೆ ತಗ್ಗಿಸಲಿಲ್ಲ. "ನೀವೇ ಹೇಳಿದ್ರಲ್ಲ, ಟೈಮಿಂಗ್ ಸೆಟ್ ಆಗೈತೆ ಅಂತ. ಆಯಿಲ್ ದಿನಾ ಬೇಕು, ಒಪ್ತೀನಿ, ಅದನ್ನ ಒಂದಿನ ಬಿಟ್ಟಿಲ್ಲ. ಟೈಮಿಂಗ್ ಒಂದ್ ಸಲ ಕಟ್ಟಿದ್ಮೇಲೆ ಅದ್ಕೆ ದಿನಾ ಯಾರು ಕೈ ಹಾಕ್ತಾರೆ? ಕೈ ಹಾಕಿದ್ರೆ ಕೆಡ್ತೈತೆ."

ಒಬ್ಬ ಒಳ್ಳೆಯ ಮೆಕ್ಯಾನಿಕ್ ಮಾತ್ರ ಮಾಡಬಲ್ಲ ತಪ್ಪು ಅದು. ತಪ್ಪಿಗೆ ಬೇಕಾದ ಸಾಮಾನೆಲ್ಲಾ ಒದಗಿಸಿದವನು ನಾನು. ಅವರ ಹೆಂಡತಿ ನನ್ನನ್ನು ನೋಡುತ್ತಿದ್ದ ರೀತಿ ಕಂಡು ನಾನು ಮುಖವನ್ನು ಚಹಾ ಲೋಟದೊಳಗೆ ಅಡಗಿಸಿದೆ.

ಬೆಂಗಳೂರಿಗೆ ಕರೆದೊಯ್ದೆ. ದೊಡ್ಡ ಡಾಕ್ಟ್ರು ನಾನು ಹೇಳಿದ್ದನ್ನೆಲ್ಲಾ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಗುಳ ಬರುವ ಮುಂಚೆ ಅವರು ಹಾಗೇ ಮಾಡುತ್ತಿದ್ದರು. ಆದರೆ ಬೈಯಲಿಲ್ಲ. ರಕ್ತದ ಗುಳಿಗೆ ಬಿಟ್ಟಿಲ್ಲವಲ್ಲ, ಹಾಗಾದರೆ ಹೊಸ ಗರಣೆ ಇರಲಾರದು, ಶಾಕ್ ಕೊಡಬಹುದು ಅಂದರು. ಗಂಟಲಿನೊಳಗಿಂದ ಸ್ಕ್ಯಾನ್ ಮಾಡಿ ಖಾತ್ರಿಯನ್ನೂ ಮಾಡಿಕೊಂಡರು. ಮೇಸ್ತ್ರಿ 'ಆಯಿಲ್' ಬಿಡದೆ ಇದ್ದದ್ದೇ ಅವರನ್ನು ಕಾಪಾಡಿತ್ತು. ನನ್ನ ಹೋಲಿಕೆಯ ಒಂದು ಕಾಲು ಕುಂಟು, ಒಂದು ಕಾಲು ಗಟ್ಟಿ.

ಸ್ವಲ್ಪ ಹೊತ್ತು ನಿದ್ದೆ ಬರಿಸಿ, ಎದೆಯ ಮೇಲಿಂದ ಒಂದು ಶಾಕ್. ಮೇಸ್ತ್ರಿಯ ಮೈ ಒಮ್ಮೆ ಹಾರಿ ಬಿತ್ತು. ಪರದೆಯಲ್ಲಿ ಗೆರೆಗಳು ಸಾಲು ಹಿಡಿದವು, ದಿಬ್ಬಗಳ ಸಮೇತ.

ಎಚ್ಚರವಾದ ಮೇಲೆ ದೊಡ್ಡ ಡಾಕ್ಟ್ರು ಮಂಚದ ಅಂಚಿನಲ್ಲಿ ಕೂತು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೇಸ್ತ್ರಿಯನ್ನು ಕೇಳಿದರು. ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ ಮೇಲೆ ಗಾಡಿಯನ್ನು ಹೇಗೆ ಓಡಿಸಬೇಕು?

ಮೇಸ್ತ್ರಿಗೆ ಅದು ಮಗ್ಗಿ. ಮೊದಲ ಸಾವಿರ ಕಿಲೋಮೀಟರ್ ರನ್ನಿಂಗ್-ಇನ್, ನಿಧಾನ ಓಡಿಸಬೇಕು, ಲೋಡ್ ಹಾಕಬಾರದು, ಹೊಸ ರಿಂಗು ಕೂರುವ ತನಕ ದಿನಾ ನೋಡಿಕೊಳ್ಳಬೇಕು ಅಂತ ಹೇಳಿದರು.

"ನಿಮಗೂ ಒಳಗೆ ಹೊಸ ರಿಂಗ್ ಹಾಕಿದೀವಿ," ಅಂದರು ದೊಡ್ಡ ಡಾಕ್ಟ್ರು. "ಗೆರೆ ಎಳೆದ ಕಡೆ ಕಲೆ ಗಟ್ಟಿಯಾಗ್ಬೇಕು. ಅಲ್ಲಿ ತನಕ ಈ ಗುಳಿಗೆ."

ಮೇಸ್ತ್ರಿ ನಿಧಾನವಾಗಿ ನನ್ನ ಕಡೆ ತಿರುಗಿದರು. "ಇದನ್ನ ಮೊದ್ಲೇ ಹೇಳಾಕೆ ಏನಾಗಿತ್ತು ನಿಮಗೆ?"

ಆಮೇಲೆ ಒಂದು ಗುಳಿಗೆಯೂ ತಪ್ಪಲಿಲ್ಲ. ಆರು ತಿಂಗಳಾಗುವ ಹೊತ್ತಿಗೆ ಲಯದ ಗುಳಿಗೆ ನಿಲ್ಲಿಸಿದೆವು. ಬಡಿತ ಸಮನಾಗೇ ಉಳಿದದ್ದನ್ನು ನೋಡಿಕೊಂಡು, ಇನ್ನೂ ಕೆಲವು ತಿಂಗಳು ಬಿಟ್ಟು ರಕ್ತದ ಗುಳಿಗೆಯನ್ನೂ ನಿಲ್ಲಿಸಿದೆವು. ಇದರ ನಡುವೆ ಹೆರಿಗೆ ವಿಭಾಗದ ಸಿಸ್ಟರು ನನ್ನನ್ನು ಕರೆಸಿ, ಅವರ ಯಂತ್ರ ಮುಂಚೆಗಿಂತ ಚೆನ್ನಾಗಿ ನಡೆಯುತ್ತಿದೆ, ಏನು ಮಾಡಿದಿರಿ ಅಂತ ಕೇಳಿದ್ದರು. ನಾನೇ ರಿಪೇರಿ ಮಾಡಿದೆ ಅಂದೆ. ಆ ಸುಳ್ಳಿನ ಪಾಪಕ್ಕೆ ಆಮೇಲೆ ಆ ವಿಭಾಗದಲ್ಲಿ ಏನು ಕೆಟ್ಟರೂ, ಹೊಲಿಗೆ ಯಂತ್ರ ಸೇರಿದಂತೆ, ನನ್ನನ್ನೇ ಕರೆಯುತ್ತಿದ್ದರು.

ವಿಭಾಗ ಬಿಡುವ ವರ್ಷ ಊರಿಗೆ ಬಂದಾಗ ಸ್ಕೂಟರನ್ನು ಮತ್ತೆ ತಳ್ಳಿಕೊಂಡು ಗ್ಯಾರೇಜಿಗೆ ಹೋದೆ. ಈಗ ಆ ರಸ್ತೆ ಅಗಲವಾಗಿದೆ, ಗ್ಯಾರೇಜು ಹಿಂದಕ್ಕೆ ಸರಿದಿದೆ. ಆದರೆ ನೆನಪಿನಲ್ಲಿ ಅದು ಇನ್ನೂ ಅಲ್ಲೇ ಇದೆ, ಎಣ್ಣೆ ಮಿಲ್ಲಿನ ಹಿಂಡಿಯ ವಾಸನೆಯ ಗಾಳಿಗೆ ಬಾಗಿಲು ತೆರೆದುಕೊಂಡು. ಅವತ್ತು ಮೇಸ್ತ್ರಿ ಯಾವುದೋ ಲಾರಿಯ ಕೆಳಗಿಂದ ಹೊರಬಂದರು. ನಾನು ಸ್ಟೆತಾಸ್ಕೋಪ್ ತಂದಿರಲಿಲ್ಲ. ಪೇಟೆ ಸುತ್ತುವ ಚಟ ಅಷ್ಟು ಹೊತ್ತಿಗೆ ಬಿಟ್ಟಿತ್ತು. ಅವರೇ ಸ್ಕ್ರೂಡ್ರೈವರ್ ಒರೆಸಿ, ತುದಿಗೆ ಬಟ್ಟೆ ಸುತ್ತಿ, ಎದೆಯ ಗಾಯದ ಗೆರೆಯ ಎಡಕ್ಕೆ ಇಟ್ಟುಕೊಂಡು ಹಿಡಿಯನ್ನು ನನ್ನ ಕಡೆ ಚಾಚಿದರು. ಕಿವಿಯ ಮುಂದಿನ ಮೂಳೆಗೆ ಆನಿಸಿದೆ. ಮೊದಲು ಲಾರಿಗಳ ಸದ್ದು. ಕಣ್ಣು ಮುಚ್ಚಿದೆ. ಆಮೇಲೆ ದೂರದಿಂದ ಬಂದಂತೆ, ಮೆತ್ತಗೆ, ಸಮನಾಗಿ. ಒಂದು ಕೈಯಲ್ಲಿ ಅವರ ಮಣಿಕಟ್ಟು ಹಿಡಿದೆ. ಕಿವಿಗೆ ಬಿದ್ದ ಪ್ರತಿಯೊಂದೂ ಬೆರಳಿಗೂ ಬಂತು. ಎಪ್ಪತ್ತೆರಡು, ಎಪ್ಪತ್ತೆರಡು.

ಸ್ಕೂಟರಿನ ಸರದಿ ಬಂದಾಗ ಅವರು ಅದನ್ನೂ ಕೇಳಿ, ಇದಕ್ಕೆ ಆಪರೇಷನ್ ಬೇಡ, ಗುಜರಿಗೆ ಹಾಕ್ರಿ ಅಂದರು. ಆದರೂ ಬಿಚ್ಚಿದರು. ಬಿಚ್ಚುವಾಗ ಸ್ಪ್ಯಾನರ್ ಜಾರಿ ಹೆಬ್ಬೆರಳು ಸೀಳಿತು. ರಕ್ತ ಕಂಡದ್ದೇ ನಾನು ಕರ್ಚೀಫಿಗೆ ಜೇಬು ತಡಕಾಡಿದೆ. ಎಡಗಡೆ ಇರಲಿಲ್ಲ, ಬಲಗಡೆ ಹುಡುಕಿದೆ, ಅಲ್ಲೂ ಇರಲಿಲ್ಲ. ಅಷ್ಟರಲ್ಲಿ ಮೇಸ್ತ್ರಿ ಬೆರಳನ್ನು ವೇಸ್ಟ್ ಬಟ್ಟೆಯಿಂದ ಒಮ್ಮೆ ಒತ್ತಿ ಹಿಡಿದು, ಬಿಟ್ಟು ನೋಡಿ, ಮತ್ತೆ ಸ್ಪ್ಯಾನರ್ ಎತ್ತಿಕೊಂಡಿದ್ದರು. ರಕ್ತ ನಿಂತಿತ್ತು.